ಮಧ್ಯಾಹ್ನ ಎರಡರ ಮೇಲೆ ಎದ್ದು ಹೋಗಬೇಡ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನಗೆ ದೆಹಲಿಯಲ್ಲಿ ಕೆಲಸ ಸಿಕ್ಕಿದ್ದನ್ನು ನಿನ್ನಮ್ಮ ಫೋನಿನಲ್ಲಿ ಹೇಳಿದಾಗ ನಾನು ತೋಟದಲ್ಲಿದ್ದೆ. ಕೆಲಸದವರನ್ನು ಅಲ್ಲೇ ಬಿಟ್ಟು ಮನೆಗೆ ಬಂದು ನಿನ್ನ ದೊಡ್ಡಮ್ಮನಿಗೆ ಹೇಳಿದೆ. ಲೋಕಸಭಾ ಸದಸ್ಯರೊಬ್ಬರಿಗೆ ಮಸೂದೆ ಓದಿ ಟಿಪ್ಪಣಿ ಮಾಡಿಕೊಡುವ ಕೆಲಸ ನಮ್ಮ ಮನೆಯ ಹುಡುಗಿಗೆ ಸಿಕ್ಕಿದೆ ಅಂದರೆ ನನಗೆ ಎಷ್ಟು ಸಂತೋಷ ಗೊತ್ತಾ? ಅದೇ ಸದನದ ಪತ್ರಕರ್ತರ ಗ್ಯಾಲರಿಯಲ್ಲಿ ಹನ್ನೊಂದು ವರ್ಷ ಕೂತವನು ನಾನು. ಆಗ ಇದ್ದದ್ದು 1927ರ ಹಳೇ ದುಂಡು ಕಟ್ಟಡ. ನೀನು ಹೋಗುವುದು 2023ರ ಹೊಸ ಕಟ್ಟಡಕ್ಕೆ. ಆದರೆ ಸದನದ ದಿನಚರಿ ಹೆಚ್ಚು ಬದಲಾಗಿಲ್ಲ. ಅದಕ್ಕೇ ಈ ಪತ್ರ.

ಹನ್ನೊಂದು ಗಂಟೆಗೆ ಪ್ರಶ್ನೋತ್ತರ ವೇಳೆ. ಚುಕ್ಕೆ ಗುರುತಿನ, ಅಂದರೆ ಮಂತ್ರಿಗಳು ಸದನದಲ್ಲೇ ಎದ್ದು ಉತ್ತರ ಹೇಳಬೇಕಾದ, 20 ಪ್ರಶ್ನೆ ಪಟ್ಟಿಯಲ್ಲಿರುತ್ತವೆ. ಎಷ್ಟೋ ದಿನ ಐದಾರು ದಾಟುವುದೇ ಕಷ್ಟ. ಟಿವಿಯಲ್ಲಿ ಕಾಣುವುದು ಅಷ್ಟೇ. ನೀನು ನೋಡಬೇಕಾದದ್ದು ಚುಕ್ಕೆ ಇಲ್ಲದ 230 ಪ್ರಶ್ನೆಗಳನ್ನು. ಅವಕ್ಕೆ ಉತ್ತರ ಬರವಣಿಗೆಯಲ್ಲಿ ಬರುತ್ತದೆ, ಹಿಂದೆ ಅನುಬಂಧದ ಪಟ್ಟಿ ಇರುತ್ತದೆ. ಯಾವ ರಾಜ್ಯಕ್ಕೆ ಎಷ್ಟು ಹಣ ಹೋಯಿತು, ಎಷ್ಟು ಹುದ್ದೆ ಖಾಲಿ ಇವೆ, ಎಲ್ಲ ಅಲ್ಲೇ ಸಿಗುತ್ತದೆ. ದಿನಾ ಸಂಜೆ ಒಂದು ಗಂಟೆ ಅದಕ್ಕೆ ಇಡು. ನಿಮ್ಮ ಸದಸ್ಯರಿಗೆ ಪ್ರಶ್ನೆ ಬರೆದುಕೊಡುವಾಗ ಚಿಕ್ಕದಾಗಿ ಬರೆ. ಉದ್ದ ಪ್ರಶ್ನೆ ಕೇಳಿದರೆ ಮಂತ್ರಿಗಳಿಗೆ ಜಾರಿಕೊಳ್ಳಲು ಜಾಸ್ತಿ ದಾರಿ ಇರುತ್ತದೆ.

ಹನ್ನೆರಡಕ್ಕೆ ಕಾಗದ ಪತ್ರ ಮಂಡನೆ, ಆಮೇಲೆ ಸದಸ್ಯರು ತುರ್ತು ವಿಷಯ ಎತ್ತುವ ಶೂನ್ಯ ವೇಳೆ. ಗಲಾಟೆ, ಫಲಕ, ಘೋಷಣೆ ಆಗುವುದು ಹೆಚ್ಚಾಗಿ ಆಗಲೇ. ಅದರ ಬಗ್ಗೆ ಬರೆಯಲು ಬೇಕಾದಷ್ಟು ಜನ ಇದ್ದಾರೆ.

ಒಂದರಿಂದ ಎರಡು ಊಟದ ಬಿಡುವು. ಪುಟ್ಟಿ, ನಾನು ಹೇಳಬೇಕಾದದ್ದು ಇಲ್ಲಿಂದ ಶುರು. ಎರಡು ಗಂಟೆಗೆ ಸದನ ಮತ್ತೆ ಸೇರುವಾಗ ಮುಕ್ಕಾಲು ಬೆಂಚು ಖಾಲಿ ಇರುತ್ತವೆ. ಸಭೆ ನಡೆಯಲು ಇರಲೇಬೇಕಾದ ಕನಿಷ್ಠ ಸಂಖ್ಯೆಗೆ ಕೋರಂ ಅನ್ನುತ್ತಾರೆ, 543 ಜನರ ಸದನಕ್ಕೆ ಅದು 55. ಅಷ್ಟೂ ಇಲ್ಲದೆ ಗಂಟೆ ಬಾರಿಸಿದ ದಿನಗಳನ್ನು ನೋಡಿದ್ದೇನೆ. ದೇಶದ ಕಾನೂನು ಬಹುಪಾಲು ಆಗುವುದು ಈ ಹೊತ್ತಿನಲ್ಲೇ.

ಮಂತ್ರಿಗಳು ಎದ್ದು, ಮಸೂದೆಯನ್ನು ಪರಿಗಣಿಸಬೇಕು ಎಂದು ಕೋರುತ್ತಾರೆ. ಒಂದಷ್ಟು ಭಾಷಣ ಆಗುತ್ತವೆ. ಆಮೇಲೆ ಸಭಾಧ್ಯಕ್ಷರ ಪೀಠದಿಂದ ಒಂದೊಂದೇ ಖಂಡವನ್ನು, ಅಂದರೆ ಮಸೂದೆಯ ಒಂದೊಂದು ಕಲಮನ್ನು, ಮತಕ್ಕೆ ಹಾಕುತ್ತಾರೆ. ತಿದ್ದುಪಡಿ ಇಲ್ಲದ ಖಂಡಗಳನ್ನು ಒಟ್ಟಿಗೆ ಸೇರಿಸಿ ಕೇಳುವುದೂ ಉಂಟು. ಪರವಾಗಿರುವವರು ಹೌದು ಎನ್ನಿ, ವಿರುದ್ಧ ಇರುವವರು ಇಲ್ಲ ಎನ್ನಿ. ಎರಡು ಕೂಗು ಕೇಳಿಸುವಷ್ಟರಲ್ಲಿ ಹತ್ತು ಖಂಡ ಮುಗಿದಿರುತ್ತವೆ. ಮೊದಲನೇ ಖಂಡ, ಅಂದರೆ ಮಸೂದೆಯ ಹೆಸರು ಇರುವುದು, ಕೊನೆಗೆ ಬರುತ್ತದೆ. ಆಮೇಲೆ ಮಸೂದೆ ಅಂಗೀಕಾರವಾಗಲಿ ಅಂತ ಇನ್ನೊಂದು ಧ್ವನಿಮತ. ಅಲ್ಲಿಗೆ ಆ ಸದನದ ಕೆಲಸ ಮುಗಿಯಿತು.

ನಾನು ಒಮ್ಮೆ ಈ ಹೊತ್ತಿನಲ್ಲಿ ಎದ್ದು ಹೋಗಿದ್ದೆ. ಅವತ್ತು ಶೂನ್ಯ ವೇಳೆಯಲ್ಲಿ ಭಾರೀ ಗದ್ದಲ ಆಗಿತ್ತು, ಅದನ್ನು ಬರೆಯಲು ಹೊರಗೆ ಓಡಿದೆ. ಮಧ್ಯಾಹ್ನ ಒಂದು ಮಸೂದೆ ಅಂಗೀಕಾರವಾಯಿತು. ನನ್ನ ಹತ್ತಿರ ಮಂಡನೆಯಾದಾಗಿನ ಪ್ರತಿ ಇತ್ತು, ಅದನ್ನೇ ನೋಡಿ ಬರೆದು ಕಳಿಸಿದೆ. ಖಂಡವಾರು ಹಂತದಲ್ಲಿ ಸರ್ಕಾರವೇ ತಿದ್ದುಪಡಿ ತಂದು ದಂಡದ ಮೊತ್ತ ಬದಲಾಯಿಸಿತ್ತು. ಮರುದಿನ ಪತ್ರಿಕೆಯಲ್ಲಿ ಹಳೇ ಮೊತ್ತವೇ ಅಚ್ಚಾಯಿತು. ಒಂದು ವಾರದ ಮೇಲೆ ಹಳ್ಳಿಯ ಅಂಗಡಿಯವರೊಬ್ಬರಿಂದ ಪೋಸ್ಟ್ ಕಾರ್ಡ್ ಬಂತು. "ಸ್ವಾಮಿ, ನೀವು ಬರೆದದ್ದು ಒಂದು, ಆಫೀಸಿನವರು ಹೇಳುವುದು ಒಂದು, ಯಾವುದನ್ನು ನಂಬಲಿ?" ಆ ಕಾರ್ಡ್ ಇವತ್ತಿಗೂ ನನ್ನ ಪೆಟ್ಟಿಗೆಯಲ್ಲಿದೆ. ಆಮೇಲೆ ನಾನು ಮಧ್ಯಾಹ್ನ ಎದ್ದು ಹೋಗಲಿಲ್ಲ.

ಮಸೂದೆಯನ್ನು ಹಿಂದಿನಿಂದ ಓದುವ ಅಭ್ಯಾಸ ಮಾಡಿಕೋ. ಯಾವಾಗ ಜಾರಿಗೆ ಬರುತ್ತದೆ, ಯಾರು ನಿಯಮ ಮಾಡುತ್ತಾರೆ, ಯಾರಿಗೆ ವಿನಾಯಿತಿ, ಇವು ಸಾಮಾನ್ಯವಾಗಿ ಕೊನೆಗೆ ಕೂತಿರುತ್ತವೆ. 2023ರ ಸೆಪ್ಟೆಂಬರ್ 20ರಂದು ಲೋಕಸಭೆ ಮಹಿಳಾ ಮೀಸಲಾತಿ ಮಸೂದೆಯನ್ನು ಅಂಗೀಕರಿಸಿತು. ಪರವಾಗಿ 454, ವಿರುದ್ಧ 2. ಊರಲ್ಲಿ ಟಿವಿ ಮುಂದೆ ಕೂತು ನಾನೂ ಚಪ್ಪಾಳೆ ತಟ್ಟಿದೆ. ನಿನ್ನ ದೊಡ್ಡಮ್ಮ ಕೇಳಿದಳು, "ಮುಂದಿನ ಚುನಾವಣೆಗೇ ಬರುತ್ತಾ?" ಅದಕ್ಕೆ ಉತ್ತರ ಐದನೇ ಖಂಡದಲ್ಲಿತ್ತು. ಕಾಯ್ದೆ ಜಾರಿಯಾದ ಮೇಲೆ ನಡೆಯುವ ಮೊದಲ ಜನಗಣತಿ, ಅದರ ಆಧಾರದ ಮೇಲೆ ಕ್ಷೇತ್ರ ಮರುವಿಂಗಡಣೆ, ಅದಾದ ನಂತರ ಮೀಸಲಾತಿ. ಮಸೂದೆಯ ಹೆಸರು ಓದಿದವರಿಗೆ ಇದು ಗೊತ್ತಾಗುವುದಿಲ್ಲ. ನಿನಗೆ ಗೊತ್ತಿರಬೇಕು, ಯಾಕೆಂದರೆ ನಿಮ್ಮ ಸದಸ್ಯರು ಕ್ಷೇತ್ರಕ್ಕೆ ಹೋದಾಗ ಹೆಂಗಸರು ಇದನ್ನೇ ಕೇಳುತ್ತಾರೆ.

ಇನ್ನೊಂದು. ನಮ್ಮ ಕನ್ನಡದ ಕಾಯ್ದೆ ಪುಸ್ತಕಗಳಲ್ಲಿ 'ಮಾಡತಕ್ಕದ್ದು' ಮತ್ತು 'ಮಾಡಬಹುದು' ಅಂತ ಎರಡು ಪದ ಇರುತ್ತವೆ. ಅಧಿಕಾರಿ ಮೂವತ್ತು ದಿನದಲ್ಲಿ ಉತ್ತರ ಕೊಡತಕ್ಕದ್ದು ಅಂದರೆ ಕೊಡಲೇಬೇಕು. ಕೊಡಬಹುದು ಅಂದರೆ ಅವರ ಇಷ್ಟ. ಬಡವರ ಅರ್ಜಿಯ ಗತಿ ಈ ಒಂದು ಪದದ ಮೇಲೆ ನಿಂತಿರುತ್ತದೆ. ಇಂಗ್ಲಿಷಿನ ಪ್ರತಿ ಓದುವಾಗಲೂ ಪ್ರತಿ ಸಾಲಿಗೆ ಈ ಎರಡರಲ್ಲಿ ಯಾವುದು ಅಂತ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದುಕೋ. ಮಸೂದೆಯನ್ನು ಕೂಲಂಕಷವಾಗಿ ನೋಡುವ ಸಂಸದರ ಸ್ಥಾಯಿ ಸಮಿತಿಗೆ ಅದು ಹೋಗಿ ಬಂದಿದ್ದರೆ ವರದಿಯನ್ನೂ ತರಿಸಿಕೊಂಡು ಓದು, ಭಿನ್ನಮತದ ಟಿಪ್ಪಣಿಗಳನ್ನು ಬಿಡಬೇಡ. ಸಮಿತಿಗೆ ಹೋಗದೆ ಬಂದ ಮಸೂದೆಯಾದರೆ ಎರಡು ಪಟ್ಟು ಜಾಗ್ರತೆ ಬೇಕು.

ಶುಕ್ರವಾರದ ಕೊನೆಯ ಎರಡೂವರೆ ಗಂಟೆ ಖಾಸಗಿ ಸದಸ್ಯರದ್ದು, ಅಂದರೆ ಮಂತ್ರಿಗಳಲ್ಲದ ಸದಸ್ಯರದ್ದು. ಅಲ್ಲಿ ಏನೂ ಪಾಸಾಗಲ್ಲ, ಸುಮ್ನೆ ಟೈಮ್ ವೇಸ್ಟ್ ಅನ್ನುವವರು ಸಿಗುತ್ತಾರೆ. 1970ರ ನಂತರ ಅಂಥ ಒಂದು ಮಸೂದೆಯೂ ಕಾಯ್ದೆ ಆಗಿಲ್ಲ ಅನ್ನುವುದು ನಿಜ. ಆದರೆ ಸದನದಲ್ಲಿ ಆಡಿದ ಮಾತನ್ನು ಇದ್ದ ಹಾಗೆ ಪ್ರಕಟಿಸಿದ ಪತ್ರಿಕೆಗೆ ರಕ್ಷಣೆ ಕೊಟ್ಟ 1956ರ ಕಾಯ್ದೆ, ಫಿರೋಜ್ ಗಾಂಧಿ ಅವರು ಖಾಸಗಿ ಸದಸ್ಯರಾಗಿ ತಂದದ್ದು. ತುರ್ತು ಪರಿಸ್ಥಿತಿಯಲ್ಲಿ ಅದನ್ನು ತೆಗೆದುಹಾಕಿದರು. 1977ರಲ್ಲಿ ಮತ್ತೆ ಬಂತು. ನಾನು ಹನ್ನೊಂದು ವರ್ಷ ಧೈರ್ಯವಾಗಿ ಬರೆದದ್ದು ಅದರ ನೆರಳಿನಲ್ಲಿ.

ಮತ ವಿಭಜನೆ, ಅಂದರೆ ಧ್ವನಿಮತ ಸಾಲದು, ಮತ ಎಣಿಸಿ ಅಂತ ಕೇಳಿದ ದಿನ ನಿಮ್ಮ ಸದಸ್ಯರು ಎಲ್ಲಿದ್ದಾರೆ ಅನ್ನುವುದು ನಿನಗೆ ಗೊತ್ತಿರಲಿ. ಸದಸ್ಯರನ್ನು ಕರೆಯಲು ಗಂಟೆ ಬಾರಿಸುವುದು ಮೂರೂವರೆ ನಿಮಿಷ, ಆಮೇಲೆ ಬಾಗಿಲು ಮುಚ್ಚುತ್ತಾರೆ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಬಿದ್ದದ್ದು ಒಂದೇ ಮತದಿಂದ, 269ಕ್ಕೆ 270.

ನಿಮ್ಮ ಸದಸ್ಯರಿಗೆ ಕನ್ನಡದಲ್ಲಿ ಮಾತಾಡಲು ಇಷ್ಟವಿದ್ದರೆ ತಡೆಯಬೇಡ. ಅನುವಾದಕರಿಗೆ ಮೊದಲೇ ತಿಳಿಸಿ, ಅಂಕಿ ಅಂಶ, ಹೆಸರುಗಳ ಚೀಟಿ ಕೊಟ್ಟುಬಿಡು. 1967ರಲ್ಲಿ ನಮ್ಮ ಶಿವಮೊಗ್ಗದಿಂದ ಗೆದ್ದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಮೊದಲ ಬಾರಿ ಕನ್ನಡದಲ್ಲಿ ಮಾತಾಡಿದರು. ನಿನ್ನಜ್ಜ ಆ ಸುದ್ದಿ ಇದ್ದ ಪತ್ರಿಕೆಯನ್ನು ಬಂದವರಿಗೆಲ್ಲ ಓದಿ ಹೇಳುತ್ತಿದ್ದರು. ನಾನು ದೆಹಲಿಗೆ ಹೋಗಲು ಅದೂ ಒಂದು ಕಾರಣ ಅಲ್ವಾ ಅಂತ ಈಗ ಅನಿಸುತ್ತದೆ.

ಚಳಿಗಾಲದ ಅಧಿವೇಶನಕ್ಕೆ ಮುಂಚೆ ಒಂದು ದಪ್ಪ ಸ್ವೆಟರ್ ತೆಗೆದುಕೋ. ದೊಡ್ಡಮ್ಮ ತಂಬುಳಿ ಪುಡಿ, ಮಿಡಿ ಉಪ್ಪಿನಕಾಯಿ ಕಟ್ಟಿಟ್ಟಿದ್ದಾಳೆ. ಮೊದಲ ಮಸೂದೆಯನ್ನು ಕೊನೆಯ ಖಂಡದವರೆಗೂ ಓದಿ ಮುಗಿಸಿದ ದಿನ ನನಗೆ ಫೋನ್ ಮಾಡು. ರಾತ್ರಿ ಹತ್ತು ಗಂಟೆಯಾದರೂ ಎದ್ದಿರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ