ಜೋಶಿ ಸರ್, ಟಿವಿಗೆ ಸ್ಟಾರ್ ಕೊಡುವಾಗ ಬೆಳಕನ್ನೂ ಅಳೆಯಲಿ

ಮಾನ್ಯ ಪ್ರಲ್ಹಾದ ಜೋಶಿ ಅವರಿಗೆ,

ಹುಬ್ಬಳ್ಳಿ ಕೇಶ್ವಾಪುರದಿಂದ ನಮಸ್ಕಾರ. ನೀವು ನಮ್ಮ ಸಂಸದರು, ಕೇಂದ್ರದಲ್ಲಿ ಗ್ರಾಹಕ ವ್ಯವಹಾರಗಳ ಖಾತೆಯೂ ನಿಮ್ಮದೇ. ಟಿವಿ, ಫ್ರಿಜ್ ಎಷ್ಟು ಕರೆಂಟ್ ಉಳಿಸುತ್ತವೆ ಅಂತ ನೋಡಿ ಸ್ಟಾರ್ ಕೊಡುವ ಬಿಇಇ ವಿದ್ಯುತ್ ಸಚಿವಾಲಯದ ಕೆಳಗೆ ಬರುತ್ತದೆ ಅಂತ ನನಗೂ ಗೊತ್ತು. ಆದರೂ ನಿಮಗೇ ಬರೆಯುತ್ತಿದ್ದೇನೆ. ಯಾಕಂದರೆ ಅಂಗಡಿಯಲ್ಲಿ ಒಂದು ತೋರಿಸಿ ಸ್ಟಾರ್ ಚೀಟಿಯಲ್ಲಿ ಇನ್ನೊಂದು ಬರೆದರೆ ಅದು ಬರೀ ಕರೆಂಟಿನ ವಿಷಯ ಅಲ್ಲ, ಗ್ರಾಹಕರ ವಿಷಯ.

ಹೋದ ದೀಪಾವಳಿಗೆ 43 ಇಂಚಿನ ಟಿವಿ ತಂದೆವು. ಅಂಗಡಿಯಲ್ಲಿ ನೀವೂ ನೋಡಿರುತ್ತೀರಿ, ಗೋಡೆ ತುಂಬ ಟಿವಿ, ಎಲ್ಲದರಲ್ಲೂ ಅದೇ ಗಿಳಿ, ಅದೇ ಹೂವು, ಕಣ್ಣು ಕುಕ್ಕುವ ಬಣ್ಣ. ಸ್ಟಾರ್ ಚೀಟಿ ನೋಡಿದೆ, ವರ್ಷಕ್ಕೆ ಇಷ್ಟು ಯೂನಿಟ್ ಅಂತ ಇತ್ತು, ಖುಷಿಯಾಯಿತು. ಮನೆಗೆ ತಂದು ಹಚ್ಚಿದರೆ ಮಂಕು! ನಮ್ಮ ಪಡಸಾಲೆ ಬಾಗಿಲು ಪಶ್ಚಿಮಕ್ಕಿದೆ. ಮಧ್ಯಾಹ್ನ ಮೂರಕ್ಕೆ ಬಿಸಿಲು ಸೀದಾ ಒಳಗೆ ಬರುತ್ತದೆ. ಧಾರಾವಾಹಿಯಲ್ಲಿ ಅತ್ತೆ ಯಾರು ಸೊಸೆ ಯಾರು ಅಂತ ಅವ್ವನಿಗೆ ತಿಳಿಯಲಿಲ್ಲ. "ಹಳೇ ಟಿವೀನ ಛಲೋ ಇತ್ತಲ್ಲೋ" ಅಂದಳು. ಅಂಗಡಿಗೆ ಫೋನ್ ಮಾಡಿದೆ. "ಪಿಕ್ಚರ್ ಮೋಡ್‌ದಾಗ ಹೋಗಿ ವಿವಿಡ್ ಮಾಡ್ರಿ ಸರ್, ಎಲ್ಲಾರೂ ಅದನ್ನ ಮಾಡ್ಕೋತಾರ" ಅಂದ ಹುಡುಗ. ವಿವಿಡ್ ಅಂದರೆ ಬೆಳಕು, ಬಣ್ಣ ಎರಡೂ ಜೋರಾಗಿರುವ ಮೋಡ್. ಮಾಡಿದೆ. ಅವ್ವ ಖುಷಿ.

ಆಮೇಲೆ ಗೆಳೆಯನೊಬ್ಬನ ಹತ್ತಿರ ಪ್ಲಗ್ಗಿಗೆ ಹಾಕುವ ವಾಟ್ ಮೀಟರ್ ಸಿಕ್ಕಿತು. ಸುಮ್ನೆ ಕುತೂಹಲಕ್ಕೆ ಅಳೆದೆ. ಕಂಪನಿಯಿಂದ ಬಂದಾಗ ಇದ್ದ ಮೋಡ್‌ನಲ್ಲಿ ಸುಮಾರು 58 ವಾಟ್. ವಿವಿಡ್‌ನಲ್ಲಿ 92. ನಮ್ಮ ಮನೆಯಲ್ಲಿ ದಿನಕ್ಕೆ ಆರು ತಾಸು ಟಿವಿ ನಡೆಯುತ್ತದೆ. ಅಂದರೆ ತಿಂಗಳಿಗೆ ಆರು ಯೂನಿಟ್ ಜಾಸ್ತಿ. ಚೀಟಿಯಲ್ಲಿದ್ದ ಲೆಕ್ಕ ಹೊಂದುವುದು ಮಂಕು ಮೋಡ್‌ಗೆ, ನಾವು ನೋಡುವ ಮೋಡ್‌ಗೆ ಅಲ್ಲವೇ ಅಲ್ಲ.

ಆರು ಯೂನಿಟ್ ಏನ್ ದೊಡ್ಡದು ಅಂತೀರಾ? ಗೃಹಜ್ಯೋತಿ ಬಂದ ಮೇಲೆ ದೊಡ್ಡದೇ ಸರ್. ಹಳೆಯ ಸರಾಸರಿ ನೋಡಿ ಮನೆಮನೆಗೆ ಒಂದು ಮಿತಿ ಕೊಟ್ಟಿದ್ದಾರೆ, ಅದನ್ನು ದಾಟಿದ ಯೂನಿಟ್‌ಗೆ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ ನಮ್ಮ ತಲೆಗೆ. 196ಕ್ಕೆ ನಿಲ್ಲಬೇಕಿದ್ದ ಮನೆ 202ಕ್ಕೆ ಹೋದರೆ ಹೆಸ್ಕಾಂ ಬಿಲ್ ನೋಡಿ ಬೈಯುವುದು ಫ್ಯಾನನ್ನೋ ಗೀಸರನ್ನೋ. ಟಿವಿ ಮೋಡ್ ಯಾರ ನೆನಪಿಗೂ ಬರಲ್ಲ.

ಇದು ನನ್ನೊಬ್ಬನ ಟಿವಿಯ ಕಥೆ ಅಲ್ಲ. ನಾವು ಎಲ್‌ಇಡಿ ಟಿವಿ ಅನ್ನುತ್ತೀವಲ್ಲ, ಅದರಲ್ಲಿ ಕರೆಂಟಿನ ದೊಡ್ಡ ಪಾಲು ತಿನ್ನುವುದು ಪರದೆಯ ಹಿಂದಿನ ದೀಪಗಳು. ಅವು ಉರಿದಷ್ಟೂ ಮೀಟರ್ ಓಡುತ್ತದೆ. ಓಎಲ್‌ಇಡಿಯಲ್ಲಿ ಒಂದೊಂದು ಚುಕ್ಕಿಯೂ ತಾನೇ ಉರಿಯುವುದರಿಂದ ಬಿಳಿ ಚಿತ್ರ ಬಂದಾಗ ಖರ್ಚು ಏರುತ್ತದೆ. (ತಮಾಷೆ ಅಂದರೆ, ಎಷ್ಟೋ ಟಿವಿಗಳ ಮೆನುವಿನಲ್ಲಿ ಬ್ರೈಟ್‌ನೆಸ್ ಅಂತ ಇರುವುದು ಆ ದೀಪವನ್ನು ಮುಟ್ಟುವುದೇ ಇಲ್ಲ, ಕಪ್ಪು ಎಷ್ಟು ಕಪ್ಪಾಗಿ ಕಾಣಬೇಕು ಅನ್ನುವುದನ್ನಷ್ಟೇ ಬದಲಿಸುತ್ತದೆ. ನಿಜವಾದ ದೀಪ ಬ್ಯಾಕ್‌ಲೈಟ್ ಅನ್ನುವ ಇನ್ನೊಂದು ಸಾಲಿನಲ್ಲಿ ಕೂತಿರುತ್ತದೆ. ಅವ್ವನಿಗೆ ಇದನ್ನು ಹೇಳಿಕೊಡುವುದು ಹೇಗೆ?) ಹಾಗಾಗಿ ಪರೀಕ್ಷೆಗೆ ಕೊಡುವಾಗ ಟಿವಿಯನ್ನು ಮಂಕು ಮಾಡಿ ಕೊಟ್ಟರೆ ಸ್ಟಾರ್ ಸುಲಭವಾಗಿ ಸಿಗುತ್ತದೆ. ಟಿವಿ ಏನೂ ಸುಧಾರಿಸಿರಲ್ಲ, ದೀಪ ಇಳಿದಿರುತ್ತದೆ ಅಷ್ಟೇ.

ಬೇರೆ ಕಡೆ ಈ ಆಟ ಹಳೆಯದು. ಕ್ಯಾಲಿಫೋರ್ನಿಯಾ 2009ರಲ್ಲೇ ಟಿವಿ ನಿಯಮ ತಂದಾಗ ಒಂದು ಷರತ್ತು ಹಾಕಿತ್ತು. ಮನೆಗೆ ಬರುವ ಮೋಡ್‌ನ ಬೆಳಕು, ಅಂಗಡಿ ಮೋಡ್‌ನ ಬೆಳಕಿನ ಶೇ 65ಕ್ಕಿಂತ ಕಡಿಮೆ ಇರಬಾರದು. ಯುರೋಪಿನಲ್ಲೂ ಅದೇ ಶೇ 65. ಈಗಿನ ಅವರ ನಿಯಮದಲ್ಲಿ 220 ನಿಟ್ಸ್ ಅನ್ನುವ ಗೆರೆಯೂ ಇದೆ. ಪರದೆಯ ಬೆಳಕನ್ನು ಅಳೆಯುವುದು ನಿಟ್ಸ್‌ನಲ್ಲಿ. 2021ರ ಮಾರ್ಚಿನಿಂದ ಯುರೋಪಿನ ಟಿವಿ ಚೀಟಿಯಲ್ಲಿ ಎರಡು ಲೆಕ್ಕ ಇರುತ್ತದೆ, ಸಾಧಾರಣ ಚಿತ್ರಕ್ಕೆ ಒಂದು, ಹೆಚ್ಚು ಬೆಳಕು ಬೇಡುವ ಎಚ್‌ಡಿಆರ್ ಚಿತ್ರಕ್ಕೆ ಇನ್ನೊಂದು.

ಅಷ್ಟು ಮಾಡಿದರೂ ಸಂದು ಉಳಿಯುತ್ತದೆ ಅನ್ನುವುದೂ ನಿಜ. 2023ರಲ್ಲಿ ಯುರೋಪು 8ಕೆ ಟಿವಿಗಳ (ಪರದೆಯಲ್ಲಿ ಅತಿ ಹೆಚ್ಚು ಚುಕ್ಕಿ ಇರುವಂಥವು) ಕರೆಂಟ್ ಖರ್ಚಿಗೂ ಮಿತಿ ಹಾಕಿದಾಗ ಅವು ಕಡಿಮೆ ಬೆಳಕಿನ ಇಕೋ ಮೋಡ್‌ನಲ್ಲಿ ಡಬ್ಬಿಯಿಂದ ಹೊರಗೆ ಬರತೊಡಗಿದವು. ಮೋಡ್ ಬದಲಿಸಿಕೊಳ್ಳುವುದು ಕೊಂಡವರಿಗೆ ಬಿಟ್ಟಿದ್ದು. ಅಮೆರಿಕದ ಎನ್‌ಆರ್‌ಡಿಸಿ ಅನ್ನುವ ಪರಿಸರ ಸಂಸ್ಥೆ 2016ರಲ್ಲೇ ಇನ್ನೊಂದನ್ನು ತೋರಿಸಿತ್ತು. ಕೆಲವು ಟಿವಿಗಳಲ್ಲಿ ಚಿತ್ರದ ಸೆಟ್ಟಿಂಗ್ ಒಂದನ್ನು ಮುಟ್ಟಿದರೆ ಸಾಕು, ಕರೆಂಟ್ ಉಳಿಸುವ ವ್ಯವಸ್ಥೆ ಹೇಳದೆ ಕೇಳದೆ ಬಂದ್ ಆಗುತ್ತಿತ್ತು.

ಇಷ್ಟೆಲ್ಲ ಕೇಳಿ ಯಾರಾದರೂ ಅಧಿಕಾರಿ "ಹಾಗಾದರೆ ಬೆಳಕಿಗೇ ಮಿತಿ ಹಾಕೋಣ" ಅಂದರೆ ದಯವಿಟ್ಟು ಬೇಡ ಅನ್ನಿ. ನಮ್ಮ ಕಡೆ ಏಪ್ರಿಲ್ ಬಿಸಿಲು ಗೊತ್ತಲ್ಲ ನಿಮಗೆ. ಬಾಗಿಲು ಹಾಕಿ ಪರದೆ ಎಳೆದು ಟಿವಿ ನೋಡುವ ಮನೆಗಳಲ್ಲ ನಮ್ಮವು, ಬಾಗಿಲು ತೆರೆದೇ ಇರಬೇಕು, ಯಾರಾದರೂ ಬರುತ್ತಾ ಹೋಗುತ್ತಾ ಇರಬೇಕು. ವಯಸ್ಸಾದವರ ಕಣ್ಣಿಗೆ ಬೆಳಕು ಇನ್ನೂ ಜಾಸ್ತಿ ಬೇಕು. ಹೆಚ್ಚು ಬೆಳಕು ಕೊಡುವ ಟಿವಿ ತಪ್ಪಲ್ಲ. ಅಷ್ಟೇ ಬೆಳಕನ್ನು ಕಡಿಮೆ ವಾಟ್‌ನಲ್ಲಿ ಕೊಡುವವನಿಗೆ ಸ್ಟಾರ್ ಸಿಗಬೇಕು. ಈಗ ಮಂಕು ಟಿವಿಯೂ ಜಾಣ ಟಿವಿಯೂ ಚೀಟಿಯ ಮೇಲೆ ಒಂದೇ ಥರ ಕಾಣುತ್ತವೆ, ಅಲ್ವಾ?

ಡಬ್ಬಿಯಿಂದ ಹೊರಬಂದ ಮೋಡ್ ಹಗಲು ಹೊತ್ತು ನೋಡುವಷ್ಟಾದರೂ ಬೆಳಕು ಕೊಡಬೇಕು, ಸ್ಟಾರ್ ಪರೀಕ್ಷೆ ಅದೇ ಬೆಳಕಿನಲ್ಲಿ ನಡೆಯಬೇಕು. ಆ ಬೆಳಕು ಎಷ್ಟು ನಿಟ್ಸ್ ಅಂತ ಚೀಟಿಯ ಮೇಲೆ ಬರೆಯಲಿ, ಪಕ್ಕದಲ್ಲೇ ಅತಿ ಹೆಚ್ಚು ಬೆಳಕಿನ ಮೋಡ್‌ಗೆ ಎಷ್ಟು ಯೂನಿಟ್ ಅಂತಲೂ ಬರೆಯಲಿ. ಮತ್ತೆ ವಿವಿಡ್ ಒತ್ತಿದಾಗ ಪರದೆಯ ಮೇಲೆ "ಇದಕ್ಕೆ ಇಷ್ಟು ಕರೆಂಟ್ ಜಾಸ್ತಿ" ಅಂತ ಕನ್ನಡದಲ್ಲೇ ಒಂದು ಸಾಲು ಬರಲಿ. ಕೋಣೆಯ ಬೆಳಕು ನೋಡಿ ತಾನೇ ಏರಿಳಿಯುವ ಸೆನ್ಸರ್ ಇದ್ದರೆ ಅದಕ್ಕೆ ಅಂಕ ಕೊಡಲಿ, ಆದರೆ ಮಬ್ಬು ಕೋಣೆಯಲ್ಲೂ ಬೆಳಕಿನ ಕೋಣೆಯಲ್ಲೂ ಅಳೆದ ಮೇಲೆ.

ಮಾನದಂಡ ಬದಲಿಸುವುದು ನಿಮ್ಮ ಸಹೋದ್ಯೋಗಿಯ ಖಾತೆ, ಅವರ ಕಿವಿಗೆ ಹಾಕಿ. ಆದರೆ ದಾರಿ ತಪ್ಪಿಸುವ ಜಾಹೀರಾತು ನೋಡಲು ಇರುವ ಸಿಸಿಪಿಎ ನಿಮ್ಮ ಖಾತೆಯ ಕೆಳಗೇ ಇದೆ. ವಿವಿಡ್‌ನಲ್ಲಿ ಉರಿಯುತ್ತಿರುವ ಟಿವಿಗೆ ಮಂಕು ಮೋಡ್‌ನ ಚೀಟಿ ಅಂಟಿಸಿ ಮಾರುವುದು ಅದರ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ಒಂದು ಸಲ ಕೇಳಿ ನೋಡಿ.

ಚೀಟಿಯ ಫೋಟೋ, ಮೀಟರಿನ ಎರಡು ಫೋಟೋ ನಿಮ್ಮ ಹುಬ್ಬಳ್ಳಿ ಕಚೇರಿಗೆ ಕಳಿಸುತ್ತಿದ್ದೇನೆ. ಕಂಪನಿ ಹೆಸರು ಮುಚ್ಚಿದ್ದೇನೆ. ಪಕ್ಕದ ಮನೆಯವರ ಬೇರೆ ಕಂಪನಿಯ ಟಿವಿಯಲ್ಲೂ ಅಳೆದು ನೋಡಿದೆ, ಅಲ್ಲೂ ಇದೇ ಹಾಡು.

ಇಂತಿ,
ಕೇಶ್ವಾಪುರದ ಒಬ್ಬ ಗ್ರಾಹಕ