ಫಿಟ್ಸ್ ಮಾತ್ರೆಯನ್ನು ಕೇಳದೆ ಬದಲಿಸಬೇಡಿ

ಮಾನ್ಯ ಸಂಪಾದಕರೇ,

ನನ್ನ ತಮ್ಮ ಮೂರ್ಛೆರೋಗಕ್ಕಾಗಿ ಹನ್ನೊಂದು ವರ್ಷಗಳಿಂದ ಫೆನಿಟಾಯಿನ್ ಮಾತ್ರೆ ಸೇವಿಸುತ್ತಿದ್ದಾನೆ. ಈಚೆಗೆ ಎಂದಿನ ಮಾತ್ರೆ ಮುಗಿದಿದೆಯೆಂದು ಔಷಧ ಅಂಗಡಿಯವರು 'ಇದೂ ಅದೇ, ಕಂಪನಿ ಬೇರೆ ಅಷ್ಟೆ' ಎನ್ನುತ್ತ ಇನ್ನೊಂದು ಸ್ಟ್ರಿಪ್ ಕೊಟ್ಟರು. ಎರಡು ವಾರಗಳಲ್ಲಿ ಅವನು ನಡೆಯುವಾಗ ತೂರಾಡತೊಡಗಿದ. ಪರೀಕ್ಷಿಸಿದಾಗ ರಕ್ತದಲ್ಲಿ ಔಷಧದ ಪ್ರಮಾಣ ಮಿತಿ ಮೀರಿತ್ತು. ಮಾತ್ರೆ ಬದಲಾದದ್ದೇ ಕಾರಣವೆಂದು ಆಣೆಯಿಟ್ಟು ಹೇಳಲಾರೆನಾದರೂ ಆ ಅವಧಿಯಲ್ಲಿ ಬೇರೇನೂ ಬದಲಾಗಿರಲಿಲ್ಲ.

ಬ್ರ್ಯಾಂಡಿನ ಬದಲು ಮೂಲವಸ್ತುವಿನ ಹೆಸರಿನಲ್ಲಿ ಮಾರುವ ಜೆನೆರಿಕ್ ಔಷಧಗಳನ್ನು ದೂರುವುದು ನನ್ನ ಉದ್ದೇಶವಲ್ಲ. ನನ್ನ ರಕ್ತದೊತ್ತಡದ ಮಾತ್ರೆಯನ್ನು ಜನೌಷಧಿ ಕೇಂದ್ರದಿಂದಲೇ ತರುತ್ತೇನೆ, ತೊಂದರೆಯಾಗಿಲ್ಲ. ಆದರೆ ಫೆನಿಟಾಯಿನ್ ಸ್ವಭಾವವೇ ಬೇರೆ: ಗುಣಕಾರಿ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಿರಿದು, ಮತ್ತು ಯಕೃತ್ತು ಅದನ್ನು ಕರಗಿಸುವ ಶಕ್ತಿ ಒಂದು ಮಿತಿಯಾಚೆ ಹೆಚ್ಚದಿರುವುದರಿಂದ ದೇಹ ಹೀರಿಕೊಳ್ಳುವ ಔಷಧ ತುಸು ಹೆಚ್ಚಿದರೂ ರಕ್ತದಲ್ಲಿನ ಮಟ್ಟ ಒಮ್ಮೆಲೇ ಏರಿಬಿಡುತ್ತದೆ. 1968ರ ಸುಮಾರಿಗೆ ಆಸ್ಟ್ರೇಲಿಯಾದಲ್ಲಿ ಇದೇ ಔಷಧದ ಕ್ಯಾಪ್ಸೂಲಿನಲ್ಲಿ ಭರ್ತಿಗೆ ಬಳಸುತ್ತಿದ್ದ ಕ್ಯಾಲ್ಸಿಯಂ ಸಲ್ಫೇಟಿನ ಬದಲು ಲ್ಯಾಕ್ಟೋಸ್ ಸೇರಿಸಿದ್ದಕ್ಕೆ, ಔಷಧದ ಅಳತೆ ಬದಲಾಗದಿದ್ದರೂ, ಅನೇಕ ರೋಗಿಗಳಲ್ಲಿ ವಿಷಲಕ್ಷಣಗಳು ಕಾಣಿಸಿಕೊಂಡವು. ಬ್ರ್ಯಾಂಡಿನಿಂದ ಜೆನೆರಿಕ್‌ಗೆ ಮಾತ್ರವಲ್ಲ, ಒಂದು ಜೆನೆರಿಕ್‌ನಿಂದ ಇನ್ನೊಂದಕ್ಕೆ ಹೋಗುವಾಗಲೂ ಈ ಎಚ್ಚರ ಬೇಕು.

ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲದ ಷೆಡ್ಯೂಲ್ ಎಚ್ ಮತ್ತು ಎಕ್ಸ್ ಪಟ್ಟಿಯ ಔಷಧಗಳಿಗೆ ಚೀಟಿ ಬಂದಾಗ, ಮೂಲವಸ್ತು ಅದೇ ಆಗಿದ್ದರೂ ಬದಲಿ ಔಷಧ ಕೊಡುವಂತಿಲ್ಲವೆಂದು ಔಷಧ ನಿಯಮಗಳ 65ನೇ ನಿಯಮ ಹೇಳುತ್ತದೆ. ಕೌಂಟರಿನಲ್ಲಿ ಅದನ್ನು ನೆನೆಯುವವರು ಕಡಿಮೆ. ಎಲ್ಲ ವೈದ್ಯರೂ ಜೆನೆರಿಕ್ ಹೆಸರಿನಲ್ಲೇ ಔಷಧ ಬರೆಯಬೇಕೆಂಬ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮಾವಳಿಯನ್ನು 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಕೆಲವೇ ವಾರಗಳಲ್ಲಿ ತಡೆಹಿಡಿಯಲಾಯಿತು. ಅದು ಮುಂದೆ ಯಾವ ರೂಪದಲ್ಲಿ ಬಂದರೂ ಚೀಟಿಯಲ್ಲಿ ಬರೀ ಔಷಧದ ಹೆಸರಿದ್ದರೆ ಯಾವ ಕಂಪನಿಯ ಮಾತ್ರೆ ಎಂಬ ತೀರ್ಮಾನ ಅಂಗಡಿಯವರದಾಗುತ್ತದೆ. ಫಿಟ್ಸ್ ರೋಗಿಗಳ ಮಟ್ಟಿಗಾದರೂ ವೈದ್ಯರು ಔಷಧದ ಹೆಸರಿನ ಜೊತೆ ತಯಾರಕರ ಹೆಸರನ್ನೂ ಬರೆಯಲಿ. ಬೆಲೆ ಉಳಿಸಲು ಬದಲಿಸುವುದಿದ್ದರೆ ತಾವೇ ಬದಲಿಸಿ, ಕೆಲವು ವಾರಗಳ ಬಳಿಕ ರಕ್ತ ಪರೀಕ್ಷಿಸಲಿ.

ಜನೌಷಧಿ ಮಾತ್ರೆಗಳ ಹೊದಿಕೆ ಒಂದೇ ತೆರನಾಗಿದ್ದರೂ ಟೆಂಡರ್ ಬದಲಾದಾಗ ತಯಾರಕರು ಬದಲಾಗಬಹುದು. ಆ ಹೆಸರು ಹಿಂಬದಿಯ ಸಣ್ಣ ಅಕ್ಷರಗಳಲ್ಲಿರುತ್ತದೆ. ಕನ್ನಡಕ ಹಾಕಿದರೂ ಓದಲಾಗದ ಆ ಹೆಸರನ್ನು ಕೊಡುವವರೇ ಓದಿ ಹೇಳುವ ವ್ಯವಸ್ಥೆಯನ್ನು ಔಷಧ ನಿಯಂತ್ರಣ ಇಲಾಖೆ ಮಾಡಲಿ.

– ನಿವೃತ್ತ ಶಿಕ್ಷಕ, ಶಿವಮೊಗ್ಗ