ಚೀನಾ ಮಣ್ಣನ್ನು ಅವಸರದಲ್ಲಿ ಸುಡಬೇಡಿ

ಮಾನ್ಯ ಸಂಪಾದಕರೇ,

ಪುಣೆಯಲ್ಲಿ ಪಾಟರಿ ಕ್ಲಾಸುಗಳು ಈಗ ಜಾಸ್ತಿಯಾಗಿವೆ. ನಮ್ಮ ಕನ್ನಡದವರೂ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ, ನೋಡಿ ಖುಷಿಯಾಗುತ್ತದೆ. ಭಟ್ಟಿ ತುಂಬುವ ಕೆಲಸ ನನ್ನದು. ಎಲ್ಲರೂ ಕೇಳುವುದು ಒಂದೇ: ಲೋಟ ಚೆನ್ನಾಗಿ ಒಣಗಿದೆ, ಸಂಜೆಗೇ ಸುಟ್ಟು ಕೊಡಬಹುದಲ್ವಾ? ಆಗುವುದಿಲ್ಲ.

ಬಿಳಿ ಪಿಂಗಾಣಿಗೆ ಬಳಸುವ ಚೀನಾ ಮಣ್ಣು, ಅಂದರೆ ಕೆಯೊಲಿನ್, ಬಿಸಿಲಲ್ಲಿ ಎಷ್ಟೇ ಒಣಗಿದರೂ ಅದರ ಹರಳಿನೊಳಗೆ ನೀರಿನ ಅಂಶ ಉಳಿದೇ ಇರುತ್ತದೆ, ಮುಟ್ಟಿದರೆ ಗೊತ್ತಾಗುವುದಿಲ್ಲ. ಅದು ಬಿಟ್ಟು ಹೋಗುವುದು ಸುಮಾರು 450ರಿಂದ 600 ಡಿಗ್ರಿ ಸೆಲ್ಸಿಯಸ್ ನಡುವೆ. ಶುದ್ಧ ಕೆಯೊಲಿನ್ ಒಂದು ಕಿಲೋ ಸುಟ್ಟರೆ 140 ಗ್ರಾಂ ಹತ್ತಿರ ಹೀಗೇ ಆವಿಯಾಗಿ ಹೋಗುತ್ತದೆ. ಕಡಿಮೆ ಏನಲ್ಲ ಅದು. ದಪ್ಪ ಅಡಿಯಿಂದ, ಹಿಡಿ ಅಂಟಿಸಿದ ಜಾಗದಿಂದ ಆವಿ ಹೊರಬರಲು ಹೊತ್ತು ಬೇಕು. ಅವಸರದಲ್ಲಿ ಉರಿ ಏರಿಸಿದರೆ ಅಲ್ಲೇ ಬಿರುಕು. ಸುಡದ ಲೋಟವನ್ನು ಬಕೆಟ್ ನೀರಿಗೆ ಹಾಕಿದರೆ ಮತ್ತೆ ಕೆಸರಾಗುತ್ತದೆ, ಈ ಹಂತ ದಾಟಿದ ಲೋಟ ಮತ್ತೆಂದೂ ಕೆಸರಾಗುವುದಿಲ್ಲ. ಭಟ್ಟಿ ತಣಿಸುವಾಗಲೂ ನಿಧಾನ ಬೇಕು, ಯಾಕೆಂದರೆ ಮಣ್ಣಿಗೆ ಬೆರೆಸಿದ ಕ್ವಾರ್ಟ್ಜ್ ಕಲ್ಲಿನ ಪುಡಿ 573 ಡಿಗ್ರಿ ಹತ್ತಿರ ಇದ್ದಕ್ಕಿದ್ದಂತೆ ಕುಗ್ಗುತ್ತದೆ.

ನನಗೆ ಜಾಸ್ತಿ ಬೇಜಾರು ಇನ್ನೊಂದು ವಿಷಯಕ್ಕೆ. ಕೆಲವರು 1000 ಡಿಗ್ರಿಗೇ ನಿಲ್ಲಿಸಿ, ಮೇಲೆ ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಕೊಟ್ಟು ಪಿಂಗಾಣಿ ಅಂತ ಮಾರುತ್ತಾರೆ. ಆ ಬಿಸಿಗೆ ಒಳಗೆಲ್ಲ ಸಣ್ಣ ಸಣ್ಣ ತೂತು ಹಾಗೇ ಇರುತ್ತದೆ. ಕೆಯೊಲಿನ್ ಒಂದನ್ನೇ ಕರಗಿಸಬೇಕೆಂದರೆ 1700 ಡಿಗ್ರಿ ದಾಟಬೇಕು, ಅದಕ್ಕೇ ಕಡಿಮೆ ಬಿಸಿಗೆ ಕರಗುವ ಫೆಲ್ಡ್‌ಸ್ಪಾರ್ ಅನ್ನುವ ಕಲ್ಲಿನ ಪುಡಿ ಬೆರೆಸುವುದು. 1250, 1300ರ ಸುತ್ತ ಫೆಲ್ಡ್‌ಸ್ಪಾರ್ ಕರಗಿ ಗಾಜಾಗಿ ತೂತು ತುಂಬುತ್ತದೆ, ಕೆಯೊಲಿನ್‌ನಿಂದ ಸೂಜಿಯಂಥ ಮುಲ್ಲೈಟ್ ಹರಳು ಬೆಳೆದು ಆ ಗಾಜನ್ನು ಹಿಡಿದಿಡುತ್ತದೆ. ಲೋಟ ಕುಗ್ಗುತ್ತದೆ, ಬೆರಳಲ್ಲಿ ತಟ್ಟಿದರೆ ಠಣ್ ಅನ್ನುತ್ತದೆ. ಪಿಂಗಾಣಿ ಅಂದರೆ ಇದು.

ಮುಂಬೈನ ಧಾರಾವಿ ಕುಂಬಾರವಾಡದ ಮಡಕೆಗೆ ತೂತು ಇರಲೇಬೇಕು, ನೀರು ತಂಪಾಗುವುದೇ ಅದರಿಂದ. ಚಹಾ ಲೋಟಕ್ಕೆ ಅದು ಬೇಡ. ಗ್ಲೇಜಿನಲ್ಲಿ ಎಳೆಯಷ್ಟು ಬಿರುಕು ಬಂದರೂ ಚಹಾ ಒಳಗಿಳಿದು ಕಲೆ ಕಟ್ಟುತ್ತದೆ. ಕೊಳ್ಳುವವರು ಲೋಟ ಬೋರಲು ಹಾಕಿ, ಗ್ಲೇಜ್ ಇಲ್ಲದ ಅಡಿಯಂಚಿಗೆ ಒಂದು ಹನಿ ನೀರು ಬಿಟ್ಟು ನೋಡಿ. ಹೀರಿಕೊಂಡರೆ ಅದು ಬೇಕಾದಷ್ಟು ಸುಟ್ಟಿಲ್ಲ. ಸ್ಟುಡಿಯೋದವರು ಬೆಲೆ ಚೀಟಿಯಲ್ಲೇ ಎಷ್ಟು ಡಿಗ್ರಿಗೆ ಸುಟ್ಟಿದ್ದು ಅಂತ ಬರೆಯಲಿ. ಬರೆಯದಿದ್ದರೆ ನೀವೇ ಬಾಯಿಬಿಟ್ಟು ಕೇಳಿ.

ನಿಮ್ಮ ಓದುಗ,
ಕೊತ್ರೂಡ್, ಪುಣೆ